ಮೂವತ್ತು ಸೆಕೆಂಡಿಗೆ ಕಾಣದ ಸೀಸ

ನೀರು ಸರಬರಾಜು ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಹಳೆಯ ಬಡಾವಣೆಯ ನಲ್ಲಿ ನೀರಿನಲ್ಲಿ ಸೀಸವಿದೆ. ಇಲ್ಲವೆಂದು ತಾವು ಪತ್ರಿಕೆಗಳಿಗೆ ಕೊಟ್ಟ ವರದಿಗೆ ಸಹಿ ಹಾಕಿದವಳು ನಾನೇ. ಈ ಪತ್ರವನ್ನು ದೂರು ಎಂದುಕೊಂಡರೂ ಸರಿ, ತಪ್ಪೊಪ್ಪಿಗೆ ಎಂದುಕೊಂಡರೂ ಸರಿ. ಓದದೆ ಕಡತಕ್ಕೆ ಸೇರಿಸಬೇಡಿ.

ತಮ್ಮ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ದುಡಿದಿದ್ದೇನೆ. ತಾವು ಅಲ್ಲಿಗೆ ಬಂದದ್ದು ಎರಡೇ ಸಲ: ಒಮ್ಮೆ ರಿಬ್ಬನ್ ಕತ್ತರಿಸಲು, ಇನ್ನೊಮ್ಮೆ ಸಮಯ ಕತ್ತರಿಸಲು. ಆದ್ದರಿಂದ ಅಲ್ಲಿ ನಡೆಯುವುದೇನೆಂದು ನಾನೇ ಹೇಳಬೇಕು. ಸೀಸ ಹುಡುಕುವ ಯಂತ್ರದಲ್ಲಿ ಒಂದು ಪುಟ್ಟ ಲೋಟದ ನೀರಿನೊಳಗೆ ಮೂರು ಕಡ್ಡಿಗಳು, ಎಂದರೆ ವಿದ್ಯುದ್ವಾರಗಳು, ಇಳಿಬಿದ್ದಿರುತ್ತವೆ. ಒಂದು ಕೆಲಸ ಮಾಡುವಂಥದ್ದು, ಇನ್ನೊಂದು ಅದರ ಕರೆಂಟು ಹರಿಯಲು ದಾರಿ ಕೊಡುವಂಥದ್ದು. ಮೂರನೆಯದು ಮಾತ್ರ ತನ್ನ ಮಟ್ಟ ಬಿಟ್ಟು ಕದಲುವುದಿಲ್ಲ. ವೋಲ್ಟೇಜನ್ನೆಲ್ಲ ಅದಕ್ಕೆ ಹೋಲಿಸಿಯೇ ಅಳೆಯಬೇಕು. ಮೇಲಿನವರ ಮುಖ ನೋಡಿ ಮಟ್ಟ ಬದಲಿಸದ ಇಂಥದ್ದೊಂದು ಇಲಾಖೆಯಲ್ಲಿ ಇರುವುದು ಬಹುಶಃ ಆ ಲೋಟದೊಳಗೆ ಮಾತ್ರ.

ಮೊದಲು ಕೆಲಸದ ಕಡ್ಡಿಗೆ ಋಣ ವೋಲ್ಟೇಜು ಕೊಟ್ಟು ನೀರನ್ನು ಕಲಕುತ್ತಾ ಕಾಯುತ್ತೇವೆ. ಕರಗಿರುವ ಸೀಸ ಚೂರು ಚೂರೇ ಬಂದು ಅದರ ಮೇಲೆ ಕೂರುತ್ತದೆ. ಆಮೇಲೆ ವೋಲ್ಟೇಜನ್ನು ಏರಿಸುತ್ತಾ ಹೋದರೆ, ತನ್ನ ಹಂತ ಬಂದೊಡನೆ ಸೀಸ ಕಡ್ಡಿಯನ್ನು ಬಿಟ್ಟು ನೀರಿಗೆ ಮರಳುತ್ತದೆ. ಆ ಗಳಿಗೆಯಲ್ಲಿ ಕರೆಂಟು ಜಿಗಿದು, ಪರದೆಯ ಮೇಲೊಂದು ಗುಡ್ಡ ಏಳುತ್ತದೆ. ಗುಡ್ಡ ಎತ್ತರವಾದಷ್ಟೂ ಸೀಸ ಹೆಚ್ಚು. ಗುಟ್ಟೆಲ್ಲ ಕಾಯುವುದರಲ್ಲಿದೆ. ಐದು ನಿಮಿಷ ಕಾದರೆ ಲೀಟರಿಗೆ ಮೂರು ಮೈಕ್ರೋಗ್ರಾಂ ಇದ್ದರೂ ಸಿಕ್ಕಿಬೀಳುತ್ತದೆ. ಮೂವತ್ತೇ ಸೆಕೆಂಡಾದರೆ, ನಮ್ಮ ಹಳೆಯ ಯಂತ್ರಕ್ಕೆ ಇಪ್ಪತ್ತೈದಕ್ಕಿಂತ ಕಡಿಮೆ ಇರುವುದು ಕಾಣುವುದೇ ಇಲ್ಲ. ನಾವು ಪಾಲಿಸಬೇಕಾದ ಮಿತಿಯಾದರೋ ಹತ್ತು.

ಕಳೆದ ವರ್ಷ ತಾವು ಐದು ನಿಮಿಷವನ್ನು ಮೂವತ್ತು ಸೆಕೆಂಡಿಗೆ ಇಳಿಸಲು ಆದೇಶಿಸಿದಿರಿ. ಹಾಗೆ ಮಾಡಿದರೆ ಇರುವ ಸೀಸವೂ ತಪ್ಪಿಸಿಕೊಳ್ಳುತ್ತದೆಂದು ನಾನು ಹೇಳಿದೆ. ತಾವು ನಕ್ಕು ಹೇಳಿದ ಮಾತು ನೆನಪಿದೆ: “ನೋಡಿ ಮೇಡಂ, ದಿನಕ್ಕೆ ಎಷ್ಟು ಸ್ಯಾಂಪಲ್ ಆಯ್ತು ಅಂತ ಮೇಲಿನವರು ಕೇಳ್ತಾರೆ. ಎಷ್ಟು ಹೊತ್ತು ಕಾದ್ರಿ ಅಂತ ಯಾರೂ ಕೇಳಲ್ಲ.”

ನಾನೂ ಮತ್ತೆ ಕೇಳಲಿಲ್ಲ. ಬಡಾವಣೆಯ ನೂರ ನಲವತ್ತು ಮನೆಗಳ ನೀರನ್ನು ಒಂದೇ ವಾರದಲ್ಲಿ ಮುಗಿಸಿದೆ. ಎಲ್ಲದರ ಮುಂದೆಯೂ ‘ಕಂಡುಬಂದಿಲ್ಲ’ ಎಂದು ಬರೆದೆ. ತಮ್ಮ ಕಚೇರಿ ಅದನ್ನು ‘ಸೀಸಮುಕ್ತ’ ಎಂದು ತಿದ್ದಿ ಬೀದಿಬೀದಿಗೆ ಅಂಟಿಸಿತು. ಕಣ್ಣು ಮುಚ್ಚಿಕೊಂಡು ಹುಡುಕಿದವನಿಗೆ ಕಳ್ಳ ಸಿಗದಿದ್ದರೆ, ಊರಲ್ಲಿ ಕಳ್ಳರೇ ಇಲ್ಲವೆಂದು ಡಂಗುರ ಸಾರಬಹುದೇ?

ಆ ಬಡಾವಣೆಯಲ್ಲೇ ನನ್ನ ಅಕ್ಕನ ಮನೆ. ಹಳೇ ಸೀಸದ ಕೊಳವೆಗಳ ವಿಚಾರ ಕೇಳಿ, ಅವಳು ನಾಲ್ಕು ವರ್ಷದ ಮಗಳಿಗೆ ಕ್ಯಾನ್ ನೀರನ್ನೇ ಕೊಡುತ್ತಿದ್ದಳು. ವರದಿ ಬಂದ ಮೇಲೆ ನಿಲ್ಲಿಸಿದಳು. ಆರೇಳು ತಿಂಗಳಲ್ಲಿ ಮಗು ಬಿಳಿಚಿಕೊಂಡಿತು. ಆಗಾಗ ಹೊಟ್ಟೆನೋವು, ಊಟ ಬೇಡ, ಕಾರಣವಿಲ್ಲದೆ ರಚ್ಚೆ. ಮಕ್ಕಳ ವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, ಸೀಸ ಸೇರಿದೆ ಎಂದರು. ಮನೆಯಲ್ಲಿ ಕುಡಿಯುವ ನೀರು ಯಾವುದೆಂದು ಕೇಳಿದರು. ಅಕ್ಕ ಜೊತೆಗೆ ಬಂದಿದ್ದ ನನ್ನ ಕಡೆ ನೋಡಿದಳು.

ಮರುದಿನ ಬೆಳಿಗ್ಗೆ ರಾತ್ರಿಯಿಡೀ ಕೊಳವೆಯಲ್ಲಿ ನಿಂತಿದ್ದ, ಅವಳ ನಲ್ಲಿಯ ಮೊದಲ ನೀರನ್ನೇ ಹಿಡಿದು ಪ್ರಯೋಗಾಲಯಕ್ಕೆ ಒಯ್ದೆ. ಐದು ನಿಮಿಷ ಕಾದೆ. ಗುಡ್ಡ ಎದ್ದಿತು. ನನ್ನ ಕಣ್ಣನ್ನು ನಾನೇ ನಂಬದೆ ಇನ್ನೂ ಎರಡು ಸಲ ನೋಡಿದೆ. ಲೀಟರಿಗೆ ಇಪ್ಪತ್ತೊಂದು. ನನ್ನ ‘ಕಂಡುಬಂದಿಲ್ಲ’ ಅಕ್ಷರಶಃ ಸತ್ಯವಾಗಿತ್ತು ಮಾನ್ಯರೇ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಬರೆದಿಲ್ಲ.

ಸಂಜೆ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. ಒಲೆ ಆರಿಸಿ ಬಂದು ಎದುರಿಗೆ ಕುಳಿತಳು.

“ನಿನ್ನ ಸಹಿ ನೋಡಿ ಕ್ಯಾನ್ ನಿಲ್ಲಿಸ್ದೆ ಕಣೇ. ಹೀಗಾಗತ್ತೆ ಅಂತ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು ಅಕ್ಕಾ. ಹೇಳ್ದೆ. ಅವರು ಬೇಡ ಅಂದ್ರು, ಸುಮ್ಮನಾಗ್ಬಿಟ್ಟೆ.”

ಅವಳು ಎದ್ದು ಮಗುವನ್ನು ಒಳಗೆ ಕರೆದುಕೊಂಡು ಹೋದಳು. ಐದು ವಾರವಾಯಿತು, ನನ್ನ ಫೋನು ಎತ್ತುತ್ತಿಲ್ಲ. ಮಗುವಿನ ರಕ್ತದಲ್ಲಿ ಸೀಸ ಇಳಿಯುತ್ತಿದೆ ಎಂದು ಭಾವನಿಂದ ತಿಳಿಯಿತು. ಕಲಿಕೆಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರಂತೆ ವೈದ್ಯೆ. ಆ ‘ಅಂತೆ’ಯಲ್ಲೇ ನನ್ನ ದಿನ ಹುಟ್ಟುತ್ತದೆ, ಮುಳುಗುತ್ತದೆ.

ಫಲಿತಾಂಶವನ್ನು ತಮಗೆ ಲಿಖಿತವಾಗಿ ಕೊಟ್ಟೆ. ಮೂರನೆಯ ದಿನ ಉತ್ತರ ಬಂತು: ಅನುಮತಿಯಿಲ್ಲದೆ ಸರ್ಕಾರಿ ಯಂತ್ರವನ್ನು ಸ್ವಂತಕ್ಕೆ ಬಳಸಿದ ಕಾರಣ ಅಮಾನತು. ಇಲಾಖೆ ಇಷ್ಟು ಚುರುಕೆಂದು ಹನ್ನೊಂದು ವರ್ಷದಲ್ಲಿ ನನಗೆ ತಿಳಿದಿರಲಿಲ್ಲ. ನೀರಿನಲ್ಲಿ ಸೀಸ ಸಿಕ್ಕಿದ್ದು ತಪ್ಪೇ, ಹುಡುಕಿದ್ದು ತಪ್ಪೇ?

ಅಮಾನತಾದ ಮೇಲೆ ಆ ಬೀದಿಗಳಲ್ಲಿ ಮನೆಮನೆಯ ಬಾಗಿಲು ತಟ್ಟಿ, ನನ್ನ ವರದಿಯನ್ನು ನಂಬಬೇಡಿ ಎಂದು ಹೇಳಿಬಂದೆ. ಕೆಲವರು ಬೈದರು. ತುಂಬು ಬಸುರಿಯೊಬ್ಬಳು ಏನನ್ನೂ ಕೇಳದೆ, ಕೈಯಲ್ಲಿದ್ದ ಲೋಟದ ನೀರನ್ನು ನನ್ನ ಮುಂದೆಯೇ ಚೆಲ್ಲಿದಳು.

ನನ್ನ ಅಮಾನತು ಹಾಗೇ ಇರಲಿ. ‘ಸೀಸಮುಕ್ತ’ ಎಂಬ ಚೀಟಿಗಳನ್ನು ಇಂದೇ ಕಿತ್ತುಹಾಕಿಸಿ. ನೂರ ನಲವತ್ತೂ ಮನೆಗಳ ನೀರನ್ನು ಪೂರ್ತಿ ಹೊತ್ತು ಕಾದು ಮತ್ತೆ ಪರೀಕ್ಷಿಸಿ, ಅಲ್ಲಿಯವರೆಗೆ ಟ್ಯಾಂಕರಿನಲ್ಲಿ ಒಳ್ಳೆಯ ನೀರು ಕೊಡಿ. ಎಷ್ಟಕ್ಕಿಂತ ಕಡಿಮೆ ಇದ್ದರೆ ಯಂತ್ರಕ್ಕೆ ಕಾಣದೋ ಆ ಅಂಕಿಯನ್ನು ಪ್ರತಿ ವರದಿಯ ಮೇಲೂ ಅಚ್ಚು ಹಾಕಿಸಿ. ಬಡಾವಣೆಯ ಮಕ್ಕಳೆಲ್ಲರ ರಕ್ತ ಪರೀಕ್ಷೆ ಆಗಲಿ. ಆಮೇಲೆ ಬಹಿರಂಗ ವಿಚಾರಣೆ ನಡೆಯಲಿ. ಮೊದಲು ನನ್ನನ್ನೇ ಕರೆಯಿರಿ, ಬರುತ್ತೇನೆ. ಪಕ್ಕದ ಕುರ್ಚಿಯಲ್ಲಿ ತಾವೂ ಕುಳಿತಿರಬೇಕು.

ಇಂತಿ,
ಅಮಾನತಾದರೂ ಸಹಿಯಿಂದ ಬಿಡುಗಡೆ ಸಿಗದ,
ತಮ್ಮ ಪ್ರಯೋಗಾಲಯದ ವಿಶ್ಲೇಷಕಿ