ಬಾಲ್ಕನಿಯ ಹಗ್ಗದ ವಿಚಾರಣೆ

ಬ್ರಿಸ್ಟಲ್, ಮಾರ್ಚ್ ೩

ಮಾನ್ಯ ಶ್ರೀಮತಿ ಪೆಂಬರ್ಟನ್ ಅವರ ಸನ್ನಿಧಾನಕ್ಕೆ,

ದೀರ್ಘಾವಧಿ ಗುತ್ತಿಗೆಯ ನಿಮ್ಮ ಫ್ಲ್ಯಾಟನ್ನು ಕೊಳ್ಳಲು ಹೊರಟು ಇಂದಿಗೆ ಒಂಬತ್ತು ತಿಂಗಳು ತುಂಬಿತೆಂದು ಗಂಭೀರವಾಗಿ ಅರಿಕೆ ಮಾಡುತ್ತೇನೆ. ಇಷ್ಟರಲ್ಲಿ ನಮ್ಮಕ್ಕ ಒಂದು ಮಗುವನ್ನೇ ಹೆತ್ತಳು; ಕಟ್ಟಡದ ಒಡೆಯರ ಕಚೇರಿಯಲ್ಲಿ ಈ ಮಾರಾಟಕ್ಕೆ ಬೇಕಾದ ಒಪ್ಪಿಗೆಯ ಒಂದು ಹಾಳೆ ಹುಟ್ಟಲಿಲ್ಲ.

ತಡಕ್ಕೆ ಕಾರಣ ನೀವೇ ಎನ್ನುತ್ತಾರೆ ನನ್ನ ವಕೀಲರು. ಮಾರುವವರು ತುಂಬುವ ಅರ್ಜಿಯಲ್ಲಿ ‘ಗುತ್ತಿಗೆಯ ಷರತ್ತು ಮುರಿದಿದ್ದೀರಾ?’ ಎಂಬಲ್ಲಿ ಎಲ್ಲರೂ ‘ಇಲ್ಲ’ ಎಂದು ಗೀಚುತ್ತಾರಂತೆ. ನೀವು ಮಾತ್ರ, ‘ಹೌದು, ಷರತ್ತಿನಲ್ಲಿ ಬೇಡವೆಂದಿದ್ದರೂ ಇಪ್ಪತ್ತು ವರ್ಷದಿಂದ ಬಾಲ್ಕನಿಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ್ದೇನೆ’ ಎಂದು ಬರೆದಿರಿ. ಅಂದಿನಿಂದ ಆ ಹಗ್ಗದ ವಿಚಾರಣೆ ನಡೆದೇ ಇದೆ.

ನಿನ್ನೆ ದಲ್ಲಾಳಿ ಫೋನ್ ಮಾಡಿದ. ಹೆಚ್ಚಿನ ಬೆಲೆಗೆ ಕೊಳ್ಳಲು ಇನ್ನೊಬ್ಬರು ಬಂದಿದ್ದರಂತೆ. ಮನೆ ಕೈತಪ್ಪಿತು ಅಂದುಕೊಂಡೆ.

“ಆ ಅಜ್ಜಿ ಏನಂದ್ರು ಗೊತ್ತೇನಯ್ಯಾ? ‘ಆ ತರಲೆ ಹುಡುಗನಿಗೆ ಮಾತು ಕೊಟ್ಟಾಗಿದೆ, ನೀನು ಚಹಾ ಕುಡಿದು ಹೊರಡಪ್ಪ’ ಅಂದ್ರು,” ಎಂದ.

ಇದನ್ನು ಕೇಳಿದ ಮೇಲೆ ತಮಾಷೆ ಮಾಡಲು ಕೈ ಏಳುತ್ತಿಲ್ಲ. ಒಂದೇ ಬಿನ್ನಹ. ಕಚೇರಿಯ ಅಪ್ಪಣೆಯಂತೆ ಹಗ್ಗ ಬಿಚ್ಚಿದ್ದೀರಿ, ಸರಿ. ಬಟ್ಟೆಯ ಕ್ಲಿಪ್ಪುಗಳನ್ನಾದರೂ ಬಿಟ್ಟುಹೋಗಿ. ಮುಂದೊಂದು ದಿನ ಈ ಮನೆ ಮಾರುವಾಗ ಅದೇ ಪ್ರಶ್ನೆಗೆ ನಾನೂ ‘ಹೌದು’ ಎಂದು ಬರೆಯಬೇಕು.

ನಿಮ್ಮ ವಿಧೇಯ ತರಲೆ,
ಜೊನಾ ಟ್ವೀಡ್