ಬೆನ್ನುಸಾಕ್ಷಿ

ಬಳ್ಳಾರಿ, ಫೆಬ್ರವರಿ ೩೧, ೨೧೯೪

ಚರ್ಮದ ನಿಧಾನ ಲಿಂಫೋಮಾ ಎಂಬ ಹೆಸರನ್ನು ಈ ವಾರ ಮೊದಲ ಸಲ ಕೇಳಿಸಿಕೊಂಡು, ಮನೆಗೆ ಬಂದು ಸುಮ್ಮನೆ ಕೂತಿರುವವರಿಗೆ,

ನಿಮ್ಮ ಮರಿಮಕ್ಕಳ ಮಕ್ಕಳ ಕಾಲದಿಂದ ಬರೆಯುತ್ತಿದ್ದೇನೆ; ತಾರೀಖು ತಪ್ಪಿಲ್ಲ. ಏಪ್ರಿಲ್ ತಿಂಗಳು ಯಾರಿಗೂ ಬೇಡವಾದ್ದರಿಂದ ಅದರ ಮೂರು ದಿನ ಕಿತ್ತು ಫೆಬ್ರವರಿಗೆ ಹಚ್ಚಿದ್ದಾರೆ. ಬಿಸಿಲು ಮಾತ್ರ ಆ ಆದೇಶವನ್ನು ಓದಿಲ್ಲ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಶಾಲೆಯಲ್ಲಿ ಕಲಿತದ್ದು ಕಡಿಮೆ, ಸಂತೆಯಲ್ಲಿ ಮಾತಾಡಿ ಕಲಿತದ್ದು ಹೆಚ್ಚು. ಹೆಸರು ಸಿರಿಗೇರಿ ಪಂಪಣ್ಣ, ವಯಸ್ಸು ಎಪ್ಪತ್ತಮೂರು. ತಲೆಯ ಮೇಲೆ ಹೊತ್ತು ನೆರಳುಬಟ್ಟೆ ಮಾರಲು ಶುರುಮಾಡಿದವನು. ಈಗ ಮೂರು ಬೀದಿಗಳ ಮೇಲೆ ನನ್ನದೇ ಬಟ್ಟೆ ಹರಡಿದೆ. ನೆರಳುಬಟ್ಟೆ ಎಂದರೆ ಬೀದಿಯ ಈ ಸಾಲಿನಿಂದ ಆ ಸಾಲಿಗೆ ಎಳೆದು ಕಟ್ಟುವ ಹೊದಿಕೆ. ಅದಿಲ್ಲದೆ ನಮ್ಮಲ್ಲಿ ಬೆಳಗಿನ ಒಂಬತ್ತರ ಮೇಲೆ ನಾಯಿಯೂ ಓಡಾಡುವುದಿಲ್ಲ. ಊರಿಗೆಲ್ಲ ನೆರಳು ಮಾರಿದವನಿಗೆ ವೈದ್ಯರು ಬರೆದುಕೊಟ್ಟ ಮದ್ದು ಬೆಳಕು. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಇಪ್ಪತ್ತಾರು ವರ್ಷ ನಕ್ಕು ನನಗೆ ಸಾಕಾಗಿದೆ.

ಸೊಂಟದ ಪಕ್ಕದಲ್ಲಿ ಎರಡು ಮಸುಕು ಮಚ್ಚೆಗಳಿಂದ ಶುರುವಾಯಿತು. ಮೊದಲು ಹುಳುಕಡ್ಡಿ ಎಂದರು, ಆಮೇಲೆ ಇಸುಬು ಎಂದರು, ಬೀಗರು ತೊನ್ನು ಎಂದು ಪಿಸುಗುಟ್ಟಿ ನನ್ನ ತಟ್ಟೆಯನ್ನು ಬೇರೆ ಇಟ್ಟರು. ಏಳು ವರ್ಷ ಹೀಗೇ ಹೋಯಿತು. ಮೂರನೆಯ ಸಲ ಚರ್ಮದ ಚೂರು ಕತ್ತರಿಸಿ ನೋಡಿದಾಗ ಡಾಕ್ಟರ್ ಅಂಬಕ್ಕ ನಿಜವಾದ ಹೆಸರು ಹೇಳಿದರು: ಲಿಂಫೋಮಾ, ನಿಧಾನವಾಗಿ ಬೆಳೆಯುವ ಒಂದು ಬಗೆಯ ಕ್ಯಾನ್ಸರ್. "ಇದು ಅಂಟೋದಲ್ಲ. ಬೇರಿಂದ ಕೀಳೋಕೂ ಆಗಂಗಿಲ್ಲ. ನಿಮ್ಮ ಜತಿಗೆ ಮುದುಕಾಗತೈತಿ. ಅದು ಅವಸರ ಮಾಡೋತನಕ ನೀವೂ ಅವಸರ ಮಾಡಬ್ಯಾಡ್ರಿ." ಅಂದಿನಿಂದ ಮುಲಾಮು, ತುರಿಕೆ, ಬೆಳಕುಗೂಡು. ಬೆಳಕುಗೂಡು ಅಂದರೆ ಬೀರುವಿನಂಥ ಪೆಟ್ಟಿಗೆ. ಕಣ್ಣು ಮುಚ್ಚಿಕೊಂಡು ಬರಿಮೈಯಲ್ಲಿ ಕೆಲವು ನಿಮಿಷ ನಿಲ್ಲಬೇಕು, ವಾರಕ್ಕೆ ಮೂರು ಸಲ, ತಿಂಗಳುಗಟ್ಟಲೆ. ಮಚ್ಚೆ ಮಾಸುತ್ತದೆ, ರಜೆ ಕೊಡುತ್ತಾರೆ, ಮಚ್ಚೆ ಮರಳುತ್ತದೆ, ಮತ್ತೆ ಬೀರು. ಗುಣವಾಯಿತಾ ಎಂದು ಕೇಳುವವರಿಗೆ ಇಲ್ಲ ಎಂದರೆ ಸಾಯುತ್ತಾನೆ ಅಂದುಕೊಳ್ಳುತ್ತಾರೆ, ಹೌದು ಎಂದರೆ ಮುಂದಿನ ವರ್ಷ ಸುಳ್ಳಾಗುತ್ತದೆ. ಪಕ್ಕದ ಅಂಗಡಿಯವನಿದ್ದ ಹಾಗೆ ಈ ಕಾಯಿಲೆ: ಜಗಳವಾಡುವುದಿಲ್ಲ, ಅಂಗಡಿ ಖಾಲಿಯೂ ಮಾಡುವುದಿಲ್ಲ, ದಿನಾ ಬೆಳಗ್ಗೆ ಮುಖ ನೋಡಲೇಬೇಕು.

ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ. ಚಿತ್ರ ತೆಗೆಯುವ ಯಂತ್ರಗಳು ನಮ್ಮಲ್ಲೂ ಇವೆ, ಆದರೆ ಚಿತ್ರವನ್ನು ನಂಬುವ ಅಭ್ಯಾಸ ನಿಮ್ಮ ಕಾಲದಲ್ಲೇ ಕೆಟ್ಟಿತಂತೆ. ಹಾಗಾಗಿ ನಮ್ಮಂಥ ಪ್ರತಿಯೊಬ್ಬರಿಗೂ ಒಬ್ಬ ಬೆನ್ನುಸಾಕ್ಷಿ ಇರುತ್ತಾನೆ. ಪ್ರತಿ ಅಮಾವಾಸ್ಯೆಗೆ ಬಂದು ಮೈಯ ಮಚ್ಚೆಗಳನ್ನು ಅಳೆದು ಕಾಗದದ ಮೇಲೆ ಬರೆಯುತ್ತಾನೆ. ಚಪ್ಪಟೆ ಮಚ್ಚೆಗೆ ಗೆರೆ, ಉಬ್ಬಿದ ಗಂಟಿಗೆ ಸೊನ್ನೆ. ವೈದ್ಯರು ನೋಡುವುದು ಆರು ತಿಂಗಳಿಗೊಮ್ಮೆ. ನಡುವೆ ಎಲ್ಲವೂ ಈ ಕಾಗದದ ಮೇಲೇ ನಡೆಯುತ್ತದೆ. ಸಾಕ್ಷಿ ಮನೆಯವನಾಗಬಾರದು, ಏಕೆಂದರೆ ಮನೆಯವರು ಹೆದರಿ ದೊಡ್ಡದು ಬರೆಯುತ್ತಾರೆ, ಇಲ್ಲವೇ ಪ್ರೀತಿಯಿಂದ ಚಿಕ್ಕದು ಬರೆಯುತ್ತಾರೆ. ನನ್ನ ಸಾಕ್ಷಿ ಮೌಲಾಸಾಬ್. ನನ್ನ ಬಟ್ಟೆಗೆಲ್ಲ ಅಂಚು ಹೊಲಿದ ದರ್ಜಿ. ಅವನ ಟೇಪು ಅರ್ಧ ಬೆರಳೂ ತಪ್ಪುವುದಿಲ್ಲ.

ತಪ್ಪಿಸಿದವನು ನಾನು. ಹೋದ ವರ್ಷ ನನಗೆ ಬೆಳಕುಗೂಡಿನಿಂದ ರಜೆ ಸಿಕ್ಕಿತ್ತು, ಒಂಬತ್ತು ವರ್ಷಗಳಲ್ಲಿ ಮೊದಲನೆಯದು. ರಜೆಯ ಎರಡನೆಯ ತಿಂಗಳು ಎಡ ಹೆಗಲ ಕೆಳಗೆ ಗಂಟೊಂದು ಎದ್ದಿತು. ಮೌಲಾಸಾಬ್ ಸೊನ್ನೆ ಬರೆಯಲು ಹೋದ. ಹಗ್ಗ ಉಜ್ಜಿದ್ದು ಎಂದೆ. ಮುಂದಿನ ಅಮಾವಾಸ್ಯೆಗೆ ಹುಳ ಕಚ್ಚಿದ್ದು ಎಂದೆ. ಕಲ್ಲಿಗೂ ನೆರಳು ಮಾರಬಲ್ಲ ಬಾಯಿ ನನ್ನದು. ಐದು ಅಮಾವಾಸ್ಯೆ ಅವನ ಕೈಯಲ್ಲಿ ಗೆರೆಯನ್ನೇ ಬರೆಸಿದೆ. ಆಮೇಲೆ ಗಂಟು ಒಡೆದು ಅಂಗಿಗೆ ಅಂಟಿತು.

ಅವನು ನನ್ನನ್ನು ಕೇಳಲಿಲ್ಲ. ಕಾಗದಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ನನ್ನ ರಟ್ಟೆ ಹಿಡಿದು ಅಂಬಕ್ಕನ ಮುಂದೆ ನಿಲ್ಲಿಸಿದ. "ಡಾಕ್ಟರಮ್ಮ, ಐದು ಅಮಾಸಿ ನಾ ಸುಳ್ಳು ಬರದೀನಿ. ಇವನ ಬಾಯಿಗೆ ಸೋತು ಅಲ್ಲ. ರಜಾದಾಗ ಇವನ ಮಾರಿ ಒಂದೀಟು ಅರಳಿತ್ತು, ಅದನ್ನ ನೋಡಿ ಬರದೀನಿ." ನಾನು ಏನೋ ಹೇಳಲು ಬಾಯಿ ತೆರೆದೆ; ಅವನೇ ತಡೆದ. "ಸುಮ್ಕಿರು ಪಂಪಣ್ಣ. ನಿನ್ನ ಬೆನ್ನು ನಿನ್ನ ಗಿರಾಕಿ ಅಲ್ಲ."

ಪರೀಕ್ಷೆಯಲ್ಲಿ ಗೊತ್ತಾಯಿತು: ಆ ಒಂದು ಜಾಗದಲ್ಲಿ ಕಾಯಿಲೆ ಅವಸರ ಮಾಡಿತ್ತು. ಉಳಿದ ಮಚ್ಚೆಗಳು ಹಳೆಯ ನಿಧಾನದಲ್ಲೇ ಇವೆ. ಗಂಟಿಗೆ ಕಿರಣ ಕೊಟ್ಟು ಕರಗಿಸಿದರು; ಈಗ ಅಲ್ಲಿ ಕಾಸಗಲದ ಕಪ್ಪು ಕಲೆಯಿದೆ. ಆರು ತಿಂಗಳಿಗೆ ಇದ್ದ ತಪಾಸಣೆ ಆರು ವಾರಕ್ಕೆ ಇಳಿದಿದೆ, ಕಂಕುಳು ತೊಡೆಸಂದುಗಳನ್ನೂ ಒತ್ತಿ ನೋಡುತ್ತಾರೆ. ಐದು ಅಮಾವಾಸ್ಯೆ ಮೊದಲೇ ತೋರಿಸಿದ್ದರೆ ಏನಾಗುತ್ತಿತ್ತು ಎಂದು ಅಂಬಕ್ಕನನ್ನು ಕೇಳಿದೆ. ಅವರು ಮುಂದಿನ ತಪಾಸಣೆಯ ತಾರೀಖು ಬರೆದು ಕೈಗಿಟ್ಟರು. ತಾರೀಖಿನ ಜತೆ ಚೌಕಾಸಿ ನಡೆಯುವುದಿಲ್ಲ.

ನಿಮಗೆ ಧೈರ್ಯ ಹೇಳುವಷ್ಟು ಉಸಿರು ನನ್ನಲ್ಲಿಲ್ಲ. ಇದರ ಜತೆ ಬಹಳ ವರ್ಷ ಬದುಕಬಹುದು, ನಾನು ಬದುಕಿದ್ದೇನೆ. ಅಷ್ಟೂ ವರ್ಷ ದಣಿವಾಗುತ್ತದೆ, ಅದೂ ನಿಜ. ದಣಿದಾಗ ದಣಿವಾಗಿದೆ ಎಂದು ವೈದ್ಯರಿಗೇ ಹೇಳಿ, ಗಂಟನ್ನು ಮುಚ್ಚಿ ರಜೆ ಉಳಿಸಿಕೊಳ್ಳಬೇಡಿ. ಮತ್ತೊಂದು ವಿನಂತಿ: ನಿಮ್ಮ ಬೆನ್ನು ನೋಡಲು ಒಬ್ಬರನ್ನು ಹುಡುಕಿಕೊಳ್ಳಿ. ನಿಮ್ಮ ಮಾತಿಗೆ ಮರುಳಾಗದವರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನೀವೇ ಮಾತು ಬಿಡಿ.

ಇಂದು ಅಮಾವಾಸ್ಯೆ. ಮೌಲಾಸಾಬ್ ಬಂದು ಚಪ್ಪಲಿ ಬಿಟ್ಟು, ನನ್ನ ಬೆನ್ನಹಿಂದೆ ಟೇಪು ಬಿಚ್ಚುತ್ತಿದ್ದಾನೆ. ಹೋದ ವರ್ಷದಿಂದ ಅವನದೊಂದು ಹೊಸ ಕಟ್ಟಳೆ: ಅವನು ಅಳೆದು ಮುಗಿಸುವವರೆಗೆ ನಾನು ಒಂದು ಪದವೂ ಆಡುವಂತಿಲ್ಲ, ಬರೆಯುವಂತೆಯೂ ಇಲ್ಲ. ಅಂಗಿ ತೆಗೆಯುತ್ತೇನೆ.