ಇಂದು ಕಲ್ಲಿಗೆ ಟಾಕಿ, ನಾಳೆ ಬನ್ನಿ

೨ ನವೆಂಬರ್ ೧೯೭೦, ಸೋಮವಾರ

ಎಂಟಕ್ಕೆ ನನ್ನ ಹಿಟ್ಟಿನ ಚಕ್ಕಿಯ ಬಾಗಿಲು ತೆಗೆದೆ. ಊದುಬತ್ತಿ — ಬಸವಣ್ಣನಿಗೆ ಒಂದು, ಮೋಟಾರಿಗೆ ಒಂದು. ಪಟ್ಟಾ ಏರಿಸಿ ಸ್ವಿಚ್ ಒತ್ತಿದೆ. ಕಲ್ಲು ತಿರುಗಿತು. ನಾನೂ ಕಲ್ಲೂ ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ಹತ್ತರ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಂದಳು. ಚಿಲ್ಲರೆ ಕೇಳಲು.

ಹಿಂದಿನ ಗಲ್ಲಿಯಲ್ಲಿ ಮೊನ್ನೆ ಪಾಡ್ಯಕ್ಕೆ ಹೊಸ ಚಕ್ಕಿ ಶುರುವಾಗಿದೆ. ಗೋಡೆಗೆ ಬಿಳಿ ಟೈಲ್ಸ್. ಬೋರ್ಡಿಗೆ ಬಣ್ಣದ ಬಲ್ಬು. ಹಿಟ್ಟು ಬೀಸುವ ತನಕ ಕೂರಲು ಕುರ್ಚಿ — ಕುರ್ಚಿ! ಮುಲುಂಡಿನ ಹೆಂಗಸರು ಕುರ್ಚಿಯ ಮೇಲೆ ಕೂತು ಹಿಟ್ಟಿಗೆ ಕಾಯುವ ಕಾಲ ಬಂತು. ನನ್ನಲ್ಲಿರುವುದು ಒಂದು ಗೋಣಿಚೀಲ, ಅದರ ಮೇಲೆ ಪಕ್ಕದ ಮನೆಯ ಬೆಕ್ಕು.

ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ ಕಸ್ತೂರಿಬಾಯಿ ಖಾಲಿ ಚಕ್ಕಿಯನ್ನು ಒಮ್ಮೆ ಸುತ್ತ ನೋಡಿದಳು. “ಚಂಪಾನ ಎಸ್ಸೆಸ್ಸಿ ಮುಗಿಯೂ ತನಕರ ಈ ಕಲ್ಲು ತಿರಗಬೇಕ್ರಿ. ನಿಂತ್ರ ಮಾರಿ, ವಿಜಾಪುರದ ಗಾಡಿ ಹತ್ತೂದ.” ಅಷ್ಟೆ. ಹದಿನಾರು ವರ್ಷ ಪರೇಲಿನ ಮಿಲ್ಲಿನಲ್ಲಿ ಟೈಮ್‌ಕೀಪರ್ ಆಗಿದ್ದವನು, ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಈ ಚಕ್ಕಿ ಕೊಂಡವನು ನಾನು. ಮಹಾಪುರುಷರ ಜೀವನದಲ್ಲಿ ಇಂಥ ಘಳಿಗೆ ಬರುತ್ತದಂತೆ. ನನಗೆ ಮಹಾಪುರುಷನಾಗುವ ಆಸೆ ಇರಲಿಲ್ಲ.

೫ ನವೆಂಬರ್, ಗುರುವಾರ

ಸ್ಟೇಷನ್ ಹತ್ತಿರದ ಹೋಟೆಲಿನ ಕೊರಗಪ್ಪ ಚಹಾ ಕುಡಿಸಿ ಉಪದೇಶ ಮಾಡಿದರು. ಉಡುಪಿ ಕಡೆಯವರು, ಒಂದೇ ಸ್ಟೌ ಇಟ್ಟುಕೊಂಡು ಶುರು ಮಾಡಿ, ಈಗ ಗಲ್ಲಾದ ಮೇಲೆ ಫ್ಯಾನ್ ಹಾಕಿಸಿಕೊಂಡವರು. ಇಂಥವರ ಮಾತಿಗೆ ತೂಕ ಇರಲೇಬೇಕು.

“ಎಂತ ರಾಯರೆ, ಬಲ್ಬು ಹಾಕ್ಲಿಕ್ಕೆ ನಮ್ಮತ್ರ ಎಲ್ಲುಂಟು? ಜನರ ಬಾಯಿ ಉಂಟಲ್ಲ, ಅದೇ ಬಲ್ಬು. ಅದಕ್ಕೆ ಕರೆಂಟ್ ಬಿಲ್ ಇಲ್ಲ ಮಾರಾಯ್ರೆ.”

“ಬಾಯಿ ತೆಗೆಸೋದು ಹ್ಯಾಂಗ?”

“ಏನಾದ್ರೂ ಪುಕ್ಕಟೆ ಮಾಡಿಕೊಡಿ. ಚಿಕ್ಕದು. ಅವರು ಮನೆಗೆ ತಕೊಂಡು ಹೋಗುವಂಥದ್ದು. ಮತ್ತೆ ತಪ್ಪಾದ್ರೆ ನೀವೇ ಟೇಬಲಿಗೆ ಹೋಗ್ಬೇಕು, ಮಾಣಿಯನ್ನು ಕಳಿಸಬಾರ್ದು. ಇಷ್ಟೆ ನಂದು ಎಂ.ಎ., ಬಿ.ಎ. ಎಲ್ಲ.”

ಎರಡನೆಯ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮೊದಲನೆಯದು ಮಾತ್ರ ಹೊತ್ತುಕೊಂಡು ಬಂದೆ.

೮ ನವೆಂಬರ್, ರವಿವಾರ

ಪ್ರಚಾರ ಕಾರ್ಯ ಆರಂಭ!

ಯೋಜನೆ ಹೀಗೆ. ಜನ ಕಾಳು ತರುವುದು ಡಬ್ಬಿಯಲ್ಲಿ. ಎಲ್ಲರ ಡಬ್ಬಿಯೂ ಒಂದೇ ತರದ್ದು — ಡಾಲ್ಡಾದ್ದು, ಇಲ್ಲ ಎಣ್ಣೆಯದು. ಅದಲುಬದಲಾಗುತ್ತದೆ, ಜಗಳವಾಗುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಅವರ ಹೆಸರು, ಬಿಲ್ಡಿಂಗು, ಖೋಲಿ ನಂಬರು ಕೆಂಪು ಬಣ್ಣದಲ್ಲಿ ಬರೆದುಕೊಡುವುದು — ಪುಕ್ಕಟೆ. ಕೆಳಗೆ ಸಣ್ಣದಾಗಿ, ವಿನಯದಿಂದ: ಬಸವಂತ ಚಕ್ಕಿ. ಹಿಟ್ಟು ನುಣ್ಣಗೆ, ಮಾತು ಮೆತ್ತಗೆ.

ಸಣ್ಣದಾಗಿ ಎಂದೆ. ಬರೆಯುವಾಗ ಕೈ ಜಾರಿ ಅದೇ ದೊಡ್ಡದಾಯಿತು.

ಅಕ್ಷರ ಮಗಳು ಚಂಪಾಳದು. ಮರಾಠಿಯಲ್ಲೊಂದು ಸಾಲು, ಕನ್ನಡದಲ್ಲೊಂದು. ಕನ್ನಡದ ‘ಕ್ಕಿ’ ಬರೆಯುವಾಗ ಪ್ರತಿಸಲ ನನ್ನ ಮುಖ ನೋಡುತ್ತಾಳೆ. “ಪಪ್ಪಾ, ಪ್ಲೀಸ್, ನನ್ನ ಫ್ರೆಂಡ್ಸ್ ಮನೀ ಡಬ್ಬಾ ಮ್ಯಾಲೆ ಬ್ಯಾಡ. ಕ್ಲಾಸ್‌ನ್ಯಾಗ ಸಬ್ ಹಂಸೇಂಗೆ.” ನಗಲಿ. ನಗುವ ಬಾಯಿಗೂ ಕರೆಂಟ್ ಬಿಲ್ ಇಲ್ಲ.

೧೫ ನವೆಂಬರ್, ರವಿವಾರ

ಫಲ ಕಾಣುತ್ತಿದೆ. ಕಲ್ಯಾಣದ ಲೋಕಲ್‌ನಲ್ಲಿ ಒಬ್ಬಳ ಕಂಕುಳಲ್ಲಿ ನನ್ನ ಕೆಂಪಕ್ಷರದ ಡಬ್ಬಿ ಹೋಗುತ್ತಿದ್ದುದನ್ನು ಕೊರಗಪ್ಪ ನೋಡಿದರಂತೆ. ಅಂದರೆ ನನ್ನ ಕೀರ್ತಿ ಈಗ ರೈಲ್ವೆಯಲ್ಲಿ ಟಿಕೆಟ್ ಇಲ್ಲದೆ ಓಡಾಡುತ್ತಿದೆ.

ಡಬ್ಬಿಗಳೇನೋ ಬರುತ್ತಿವೆ. ಬಣ್ಣ ಹಚ್ಚಿಸಿಕೊಳ್ಳಲು. ಬೀಸಿಸಲು ಟೈಲ್ಸಿನ ಚಕ್ಕಿಗೆ ಹೋಗುತ್ತವೆ. ನನ್ನ ಹೆಸರು ಹೊತ್ತ ಡಬ್ಬಿ ಅವರ ಕುರ್ಚಿಯ ಪಕ್ಕದಲ್ಲಿ ಕೂತಿದ್ದನ್ನು ಕಣ್ಣಾರೆ ಕಂಡೆ... ಆ ನೋವನ್ನು ಬರೆಯಲು ಈ ಪೆನ್ನು ಸಾಲದು. ಇಂಕೂ ಮುಗಿಯುತ್ತ ಬಂದಿದೆ.

ಆದ್ದರಿಂದ ಮಹಾಯೋಜನೆ. ಮುಂದಿನ ರವಿವಾರ ಸಂಜೆ ಎಲ್ಲರಿಗೂ ರೇಷನ್ ಗೋಧಿ ಪುಕ್ಕಟೆ ಬೀಸಿಕೊಡುವುದು. ಉದ್ಘಾಟನೆ, ರಿಬ್ಬನ್, ಮೈಕು. ಮುಖ್ಯ ಅತಿಥಿ? ಮಂತ್ರಿಗಳು ಬರುವುದಿಲ್ಲ, ಬಂದರೆ ಹಾರ ಹಾಕಬೇಕು. ಆರನೇ ಬಿಲ್ಡಿಂಗಿನ ಇಂದ್ರಾಬಾಯಿಯೇ ಸರಿ. ನನ್ನ ಮೊದಲ ಗಿರಾಕಿ, ನಮ್ಮ ಕಡೆಯ ಮುದುಕಿ; ನೀರಿನ ನಲ್ಲಿಯ ಬಳಿ ಆಕೆ ಅಂದದ್ದು ಮಧ್ಯಾಹ್ನದೊಳಗೆ ಇಡೀ ಕಾಲನಿಗೆ ಕಾನೂನು.

ಹೋಗಿ ಕೇಳಿದೆ. “ರಿಬ್ಬನ್ ಕತ್ತರಸಾಕ ಕತ್ರಿ ಯಾರ್ದೋ?” ಎಂದಳು. ನಮ್ಮದೇ ಎಂದೆ. “ಹಂಗಾದ್ರ ಬರತೀನಿ.”

೨೧ ನವೆಂಬರ್, ಶನಿವಾರ

ಕಲ್ಲು ಸವೆದಿದೆ. ಸವೆದ ಕಲ್ಲಿನಿಂದ ಹಿಟ್ಟು ಬಿಸಿಯಾಗಿ, ದಪ್ಪಗೆ ಬರುತ್ತದೆ. ಪುಕ್ಕಟೆ ಎಂದು ಕೆಟ್ಟದ್ದು ಕೊಡಲಾದೀತೇ? ಟಾಕಿ ಹೊಡೆಸಲೇಬೇಕು — ಅಂದರೆ ಉಳಿಯಿಂದ ಕಟೆದು ಕಲ್ಲಿಗೆ ಹೊಸ ಹಲ್ಲು ಬರಿಸುವುದು. ಟಾಕಿ ಹೊಡೆಯುವ ಕುರ್ಲಾದ ಮರೆಪ್ಪನಿಗೆ ಇವತ್ತು ಸಂಜೆ ಬಾ ಎಂದು ಹೇಳಿಕಳಿಸಿದ್ದೆ.

ಟಾಕಿ ಹೊಡೆಸಿದ ಮೇಲೆ ಹೊಟ್ಟು-ನುಚ್ಚು ಹಾಕಿ ಕಲ್ಲನ್ನು ಸಾಕಷ್ಟು ಹೊತ್ತು ತಿರುಗಿಸಬೇಕು. ಕಲ್ಲಿನ ಪುಡಿಯೆಲ್ಲ ಅದರಲ್ಲಿ ಹೋಗಬೇಕು. ಇದು ಚಕ್ಕಿ ಇಟ್ಟವನ ಅಆಇಈ. ರಾತ್ರಿಯೇ ಮುಗಿಸಬಹುದು ಎಂದುಕೊಂಡಿದ್ದೆ.

ಮರೆಪ್ಪ ಬರಲಿಲ್ಲ.

೨೨ ನವೆಂಬರ್, ರವಿವಾರ. ಮಧ್ಯಾಹ್ನ ಮೂರು

ಮರೆಪ್ಪ ಈಗ ಬಂದ! ಯಾರದೋ ಮದುವೆಯಲ್ಲಿ ಹಲಗೆ ಬಾರಿಸುತ್ತ ಇದ್ದನಂತೆ. “ಸಿಟ್ಟ ಮಾಡಬ್ಯಾಡ್ರಿ ಸಾವಕಾರ, ಉಳೀನೂ ಹಂಗ ತಾಳದಾಗ ಹೊಡೀತೀನಿ.” ಹೊಡೆಯುತ್ತಿದ್ದಾನೆ. ಹೊರಗೆ ಡಬ್ಬಿಗಳ ಸಾಲು ತಿರುವಿನ ತನಕ ಹೋಗಿದೆ. ಮೈಕಿನವ ಹಲೋ ಹಲೋ ಅನ್ನುತ್ತಿದ್ದಾನೆ. ನಾಲ್ಕೂವರೆಗೆ ರಾಹುಕಾಲ. ಅದರೊಳಗೆ ಮೊದಲ ಮುಷ್ಟಿ ಬೀಳಲೇಬೇಕು...

ಅದೇ ದಿನ, ಸಂಜೆ

ಜಯಭೇರಿ!

ಇಂದ್ರಾಬಾಯಿ ಹಸಿರು ಇಳಕಲ್ ಸೀರೆಯಲ್ಲಿ ಬಂದು ರಿಬ್ಬನ್ ಕತ್ತರಿಸಿದಳು, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಮೈಕಿನಲ್ಲಿ ಮಾತಾಡಿದೆ. ಹೊಟ್ಟು ಹಾಕಿ ತಿರುಗಿಸುತ್ತಿದ್ದಾಗಲೇ ರಾಹುಕಾಲ ಹತ್ತಿರ ಬಂತು. ಕಸ್ತೂರಿಬಾಯಿ ನನ್ನ ಅಂಗಿ ಹಿಡಿದು “ಇನ್ನಾ ಸ್ವಲ್ಪ ತಿರಗಲಿರಿ” ಎಂದಳು. “ಮುಹೂರ್ತ!” ಎಂದೆ. ಕಲ್ಲಿನ ಗತಿ ಕಲ್ಲಿಗೆ ಗೊತ್ತು, ಗ್ರಹದ ಗತಿ ನನಗೆ — ಹೀಗೆ ಏನೋ ಹೇಳಿದೆ. ಮೈಕು ಆನ್ ಇತ್ತು. ಎಲ್ಲರೂ ನಕ್ಕರು. ಮುಖ್ಯ ಅತಿಥಿಯ ಗೋಧಿ ಮೊದಲು ಬಿತ್ತು. ಆಮೇಲೆ ಇಡೀ ಸಾಲು. ಕೈ ಸೋತಿದೆ, ಮನಸ್ಸು ಆಕಾಶದಲ್ಲಿ.

೨೩ ನವೆಂಬರ್, ಸೋಮವಾರ

ಕಲ್ಲು.

ಮುಲುಂಡ್ ಇಡೀ ಕಲ್ಲು ಜಗಿಯುತ್ತಿದೆ.

ಬೆಳಿಗ್ಗೆ ನಮ್ಮ ಮನೆಯಲ್ಲೇ ಮೊದಲು ಗೊತ್ತಾಯಿತು. ಚಂಪಾ ಚಪಾತಿ ಕಚ್ಚಿದಳು. ಕರ್ ಎಂದಿತು. “ಮಮ್ಮೀ, ಸ್ಯಾಂಡ್!” ಕಸ್ತೂರಿಬಾಯಿ ನನ್ನನ್ನು ನೋಡಿದಳು. ನಾನು ಚಪಾತಿಯನ್ನು ನೋಡಿದೆ.

ವಾರದ ರೇಷನ್. ಕ್ಯೂ ನಿಂತು ತಂದದ್ದು. ಎಲ್ಲರದ್ದೂ ನನ್ನ ಕೈಯಿಂದ ಹಾಳು. ಬೇರೆ ಯಾರೋ ಮಾಡಿದ್ದು ಎನ್ನಲೂ ದಾರಿಯಿಲ್ಲ, ಪ್ರತಿ ಡಬ್ಬಿಯ ಮೇಲೆ ಕೆಂಪು ಬಣ್ಣದಲ್ಲಿ ನನ್ನ ಹೆಸರು ಇದೆ.

ಎಂಟಕ್ಕೆ ಬಾಗಿಲು ತೆಗೆಯಲಿಲ್ಲ. ಒಳಗಿಂದ ಕೇಳಿಸಿತು, ಇಂದ್ರಾಬಾಯಿಯ ದನಿ, ನಲ್ಲಿಯ ಕಡೆಯಿಂದ: “ಹಿಟ್ಟು ನುಣ್ಣಗಂತ, ಮಾತು ಮೆತ್ತಗಂತ! ನನ್ನ ಹಲ್ಲು ಮುರೀತು, ಎಲ್ಲದಾನ ಆ ಗ್ರಹದ ಗತಿ ಬಲ್ಲಾವ?”

೨೪ ನವೆಂಬರ್, ಮಂಗಳವಾರ

ಕೊರಗಪ್ಪ ಬಂದರು. ಬೈಯಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ಒಂದೇ ಮಾತು: “ರಾಯರೆ, ಟೇಬಲಿಗೆ ಹೋದ್ರಾ?”

ಹೋಗಿರಲಿಲ್ಲ.

ಕಸ್ತೂರಿಬಾಯಿ ಆಗಲೇ ತವರಿಂದ ಬಂದ ಜೋಳದ ಚೀಲ ಬಿಚ್ಚಿ ಕೂತಿದ್ದಳು. ಇಡೀ ವರ್ಷಕ್ಕೆಂದು ಇಟ್ಟದ್ದು. “ಕಲ್ಲು ಈಗ ಸಾಫ್ ಆಗೇತಿ. ಬೀಸರಿ. ಮನಿ ಮನೀಗೆ ಒಯ್ದು ಕೊಡೂಣು.” ನನ್ನ ಬಾಯಿಂದ ಬರಬೇಕಾಗಿದ್ದ ಮಾತು. ಬೀಸಿದೆ. ಮೊದಲ ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿದೆ. ಎರಡನೆಯದನ್ನೂ. ನುಣ್ಣಗಿತ್ತು. ಸಂಜೆ ಕೊರಗಪ್ಪ ತಮ್ಮ ಪೂರಿಯ ಗೋಧಿ ಹಿಟ್ಟಿನ ಚೀಲ ಇಳಿಸಿಹೋದರು. ನಾಳೆ ಹೋಟೆಲಲ್ಲಿ ಪೂರಿ ಇಲ್ಲ ಎಂದು ಬೋರ್ಡು ಹಾಕುತ್ತಾರಂತೆ. ಬೇಡ ಎಂದೆ. “ಒಂದು ದಿನ ಪೂರಿ ತಿನ್ನದಿದ್ರೆ ಎಂತ, ಸಾಯ್ತಾರಾ?” ಎಂದರು. ತಿರುಗಿ ನೋಡದೆ ಹೋದರು, ಧನ್ಯವಾದ ಹೇಳಿಸಿಕೊಳ್ಳಬಾರದೆಂದು.

೨೯ ನವೆಂಬರ್, ರವಿವಾರ

ನಾಲ್ಕು ದಿನ ಬರೆಯಲಾಗಲಿಲ್ಲ. ಮೆಟ್ಟಿಲು ಹತ್ತಿ ಇಳಿದು ಮೊಳಕಾಲು ತನ್ನ ನೋವಿನ ಸುದ್ದಿಯನ್ನು ಪೆನ್ನು ಹಿಡಿಯುವ ಕೈಗೂ ಮುಟ್ಟಿಸಿದೆ.

ಯಾವ ಮನೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಎಲ್ಲ ಡಬ್ಬಿಯ ಮೇಲೂ ಹೆಸರು, ಬಿಲ್ಡಿಂಗು, ಖೋಲಿ — ಚಂಪಾಗೆ ಬಾಯಿಪಾಠ. ಅವಳೇ ಮುಂದೆ. ಸ್ನೇಹಿತೆಯರ ಬಾಗಿಲನ್ನೂ ಬಡಿದಳು. ಕ್ಲಾಸ್ ನಗಲಿ ಎಂದಿದ್ದೆ, ಯಾರೂ ನಗಲಿಲ್ಲ. ಒಬ್ಬಳ ತಾಯಿ ನೀರು ಕೊಟ್ಟು ಕೂರಿಸಿದರು.

ಕಲ್ಲಿನ ಹಿಟ್ಟು ವಾಪಸ್, ಹೊಸ ಹಿಟ್ಟು ಅವರ ಡಬ್ಬಿಗೆ. ಗೋಧಿಯಿರುವ ತನಕ ಗೋಧಿ, ಆಮೇಲೆ ಜೋಳ. ಕೆಲವರು ಬಾಗಿಲಲ್ಲೇ ಬೈದರು. ಬೈಸಿಕೊಂಡೆ. ಒಬ್ಬರು ಗುಜರಾತಿ ಅಕ್ಕ ಜೋಳ ಏನು ಮಾಡುವುದೆಂದು ಕೇಳಿದರು. ಕಸ್ತೂರಿಬಾಯಿ ಒಳಗೆ ಹೋಗಿ ಅವರ ತವೆಯ ಮೇಲೇ ರೊಟ್ಟಿ ಬಡಿದು ತೋರಿಸಿ ಬಂದಳು. ಬರುವಾಗ ಕೈಯಲ್ಲಿ ಢೋಕ್ಲಾ. ವಾಪಸ್ ಬಂದ ಹಿಟ್ಟನ್ನು ಸಿನಿಮಾ ಪೋಸ್ಟರ್ ಅಂಟಿಸುವವ ಸಂತೋಷದಿಂದ ಒಯ್ದ. ಸ್ಟೇಷನ್ ಗೋಡೆಯ ಮೇಲೆ ನಾಯಕಿಯರು ಈಗ ನನ್ನ ಹಿಟ್ಟಿನ ಬಲದಿಂದ ನಿಂತಿದ್ದಾರೆ. ಅವರಿಗೆ ಹಲ್ಲಿನ ತೊಂದರೆ ಇಲ್ಲ.

ಕೊನೆಗೆ ಉಳಿದದ್ದು ಆರನೇ ಬಿಲ್ಡಿಂಗ್. ಬೇಕೆಂದೇ ಕೊನೆಗೆ ಉಳಿಸಿದ್ದು, ಹೆದರಿ.

ಇಂದ್ರಾಬಾಯಿ ಬಾಗಿಲು ತೆಗೆದಳು. ದವಡೆ ಊದಿತ್ತು. ಹಿಟ್ಟು ಕೊಟ್ಟೆ, ಇಸಕೊಳ್ಳಲಿಲ್ಲ. ಒಳಗೆ ಹೋದಳು. ತಟ್ಟೆಯಲ್ಲಿ ಅದೇ ಕಲ್ಲಿನ ಹಿಟ್ಟಿನ ಚಪಾತಿ ತಂದಿಟ್ಟಳು. “ತಿನ್ನು.”

ತಿಂದೆ. ಕರ್, ಕರ್. ಪೂರ್ತಿ. ಚಂಪಾ ಇನ್ನೊಂದು ಕಡೆ ನೋಡುತ್ತ ತುಟಿ ಕಚ್ಚಿಕೊಂಡಿದ್ದಳು.

“ಹೆಂಗೈತಿ?”

“ಅವ್ವಾ... ಗ್ರಹಗತಿ ಚಲೋ ಇಲ್ಲ.”

ಮುದುಕಿ ನಕ್ಕಳು. ನಕ್ಕದ್ದಕ್ಕೆ ದವಡೆ ನೋವಾಗಿ ಬೈದಳು. ಮೂರು ವರ್ಷದಿಂದ ಆ ಹಲ್ಲು ಅಲುಗಾಡುತ್ತಿತ್ತಂತೆ. ಡಾಕ್ಟರ್ ಹತ್ತಿರ ಹೋಗಲು ಹೆದರಿಕೆ. “ನೀ ಪುಕ್ಕಟೆ ಕಿತ್ತಿ. ಆದ್ರ ಅದನ್ನ ಬೋರ್ಡಿನ ಮ್ಯಾಲ ಬರೀಬ್ಯಾಡ.” ಆಮೇಲೆ ದನಿ ತಗ್ಗಿಸಿ: “ಮನೀ ತನಕ ಬಂದಿ. ಆ ಟೈಲ್ಸಿನಾವ ಬರ್ತಿದ್ನೇನು?” ಡಬ್ಬಿ ಮುಂದೆ ತಳ್ಳಿದಳು.

ಕತ್ತರಿ ಮಾತ್ರ ವಾಪಸ್ ಕೊಡಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

೧೨ ಡಿಸೆಂಬರ್, ಶನಿವಾರ

ಸಾಲು ಸಾಲು ಡಬ್ಬಿ, ಮೇಲೆ ಚೀಲದ ಜೋಳ ಬೀಸಿ ಕಲ್ಲು ಮತ್ತೆ ಸವೆದಿದೆ. ಮರೆಪ್ಪ ಬೆಳಿಗ್ಗೆಯೇ ಬಂದ. ಯಾವ ಮದುವೆಯೂ ಇಲ್ಲ. ಟಾಕಿ ಹೊಡೆಯಲು ಕೂರುವ ಮೊದಲೇ ಹೊರಗೆ ಕಪ್ಪು ಹಲಗೆ ಇಟ್ಟೆ. ಸೀಮೆಸುಣ್ಣದಿಂದ ಚಂಪಾಳ ಅಕ್ಷರ: ಇಂದು ಕಲ್ಲಿಗೆ ಟಾಕಿ ಹೊಡೆಸುತ್ತಿದ್ದೇವೆ. ಹಿಟ್ಟಿನಲ್ಲಿ ಕಲ್ಲು ಬರಬಹುದು. ನಾಳೆ ಬನ್ನಿ. ಅವಸರವಿದ್ದರೆ ಹಿಂದಿನ ಗಲ್ಲಿಯಲ್ಲಿ ಇನ್ನೊಂದು ಚಕ್ಕಿ ಇದೆ.

ಕೊನೆಯ ಸಾಲು ಕಸ್ತೂರಿಬಾಯಿಯದು. ನಾನೇ ಎರಡು ಸಲ ಓದಿದೆ. ಚಕ್ಕಿಯಿಟ್ಟವನು ಬರಬೇಡಿ ಎನ್ನುವುದು! ಕೊರಗಪ್ಪ ನೋಡಿ ತಲೆ ತುರಿಸಿಕೊಂಡರು. “ಇದು ನನ್ನ ಬುಕ್ಕಿನಲ್ಲಿ ಇರ್ಲಿಲ್ಲ ಮಾರಾಯ್ರೆ.”

ಡಬ್ಬಿ ಹಿಡಿದು ಬಂದ ಹೆಂಗಸರು ಬೋರ್ಡು ಓದಿದರು. ಓದಲು ಬಾರದವರಿಗೆ ಓದಿದವರು ಹೇಳಿದರು. ಹಿಂದಿನ ಗಲ್ಲಿಗೆ ಕೆಲವರೇ ಹೋದರು. ಉಳಿದವರು ಡಬ್ಬಿಯನ್ನು ಅಲ್ಲೇ ಗೋಣಿಚೀಲದ ಮೇಲೆ ಇಟ್ಟು, ನಾಳೆಗೆ ನಂಬರು ಹಿಡಿದು ಮನೆಗೆ ಹೋದರು. ಬೆಕ್ಕಿಗೆ ಜಾಗ ಇಲ್ಲ.

೧೩ ಡಿಸೆಂಬರ್, ರವಿವಾರ. ಬೆಳಿಗ್ಗೆ

ಇನ್ನೂ ಎಂಟಾಗಿಲ್ಲ. ಒಳಗೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಹೊಟ್ಟು ಹಾಕಿ ತಿರುಗಿಸಿ ತಿರುಗಿಸಿ ಕಲ್ಲು ಸಾಫಾಗಿದೆ. ಚಿಟಿಕೆ ಹಿಟ್ಟು ನಾಲಿಗೆಯ ಮೇಲಿದೆ, ಕರಗುತ್ತಿದೆ. ಹೊರಗೆ ಕೆಂಪಕ್ಷರದ ಡಬ್ಬಿಗಳು ತಿರುವಿನ ತನಕ. ಈ ಸಲ ಯಾರಿಗೂ ಪುಕ್ಕಟೆ ಅಲ್ಲ.

ಬಸವಣ್ಣನಿಗೆ ಒಂದು ಊದುಬತ್ತಿ, ಮೋಟಾರಿಗೆ ಒಂದು. ಇವತ್ತು ಕೊರಗಪ್ಪನವರ ಪೂರಿಗೂ ಒಂದು ಹಚ್ಚಿದೆ. ಕಸ್ತೂರಿಬಾಯಿಗೆ ಹಚ್ಚಿದರೆ ಬೈಯುತ್ತಾಳೆ. ಖಾಲಿಯಾದ ಜೋಳದ ಚೀಲವನ್ನು ಮಡಿಸಿ ಗಿರಾಕಿಗಳು ಕೂರಲೆಂದು ಹಾಸಿದ್ದೇನೆ — ಕುರ್ಚಿ ಅಲ್ಲ, ಆದರೂ.

ಬಾಗಿಲ ಮೇಲೆ ಏನೋ ಟಕ್ ಟಕ್. ನನ್ನದೇ ಕತ್ತರಿಯ ಸದ್ದು, ಗುರುತು ಸಿಕ್ಕಿತು. “ಏ ಬಸವಂತ್ಯಾ! ಬರಿಯೂದು ಸಾಕು, ಪಟ್ಟಾ ಏರಸು. ಮೊದಲನೇ ಡಬ್ಬಿ ನಂದು. ಇದ್ದ ಹಲ್ಲು ನಿನ್ನ ಮ್ಯಾಲ ನಂಬಿಗಿ ಇಟ್ಟು ತಂದೀನಿ!”

ಏಳಬೇಕು. ಇದೊಂದು ಬರೆದುಬಿಡುತ್ತೇನೆ — ಈ ಮುದುಕಿಗೆ, ಈ ಗಲ್ಲಿಗೆ, ನನ್ನಂಥವನ ಕಲ್ಲು ಜಗಿದೂ ಮತ್ತೆ ಡಬ್ಬಿ ತಂದ ಇಷ್ಟು ಜನಕ್ಕೆ ನಾನು — ಮತ್ತೆ ಟಕ್ ಟಕ್. ಬಂದೆ ಅವ್ವಾ, ಬಂದೆ!